ಥೆರಪಿಸ್ಟ್‌ ಹುಡುಕುವವರಿಗೆ: ಪರಿಚಯದ ಸಾಲುಗಳನ್ನು ಓದುವ ಬಗೆ

ಥೆರಪಿಸ್ಟ್‌ಗಳ ಪರಿಚಯ ಬರಹಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಹೆಸರು, ಪದವಿ, ಇಷ್ಟು ವರ್ಷದ ಅನುಭವ, ‘ಆತಂಕ, ಖಿನ್ನತೆ, ದಾಂಪತ್ಯ, ಮಕ್ಕಳ ಸಮಸ್ಯೆ, ಒತ್ತಡ’ ಎಂಬ ಉದ್ದನೆಯ ಪಟ್ಟಿ, ಕೊನೆಗೆ ‘ಆತ್ಮೀಯ, ಸುರಕ್ಷಿತ ವಾತಾವರಣ’. ಇಷ್ಟೆಲ್ಲ ಓದಿದ ಮೇಲೂ ಆ ಕೋಣೆಯೊಳಗೆ ಏನು ನಡೆಯುತ್ತದೆ ಎಂಬುದು ತಿಳಿಯುವುದಿಲ್ಲ. ವಿಶೇಷಣಗಳನ್ನು ಬಿಟ್ಟು ಮೂರು ವಿಷಯ ಹುಡುಕಿ: ಇವರು ಯಾರ ಕೈಕೆಳಗೆ ಎಷ್ಟು ಕಾಲ ಪಳಗಿದ್ದಾರೆ, ನಿಮ್ಮ ತೊಂದರೆಗೆ ಇವರು ಏನು ಮಾಡುತ್ತಾರೆ, ಗುಣವಾಗುತ್ತಿದೆಯೋ ಇಲ್ಲವೋ ಎಂದು ಇಬ್ಬರೂ ಹೇಗೆ ಕಂಡುಕೊಳ್ಳುತ್ತೀರಿ. ಈ ಮೂರಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಅಲಂಕಾರ.

ಹುಡುಕಾಟಕ್ಕೆ ಸಮಯವೇ ಇಲ್ಲದ ಸಂದರ್ಭಗಳಿವೆ. ಸಾಯುವ ಯೋಚನೆ ಯೋಜನೆಯಾಗಿ ಬೆಳೆದಿದ್ದರೆ, ಯಾರಿಗೂ ಕೇಳದ ದನಿಗಳು ಕೇಳುತ್ತಿದ್ದರೆ, ನಾಲ್ಕಾರು ದಿನ ನಿದ್ದೆಯೇ ಇಲ್ಲದೆ ಮಿತಿಮೀರಿದ ಹುರುಪಿನಲ್ಲಿ ದುಡ್ಡು ಚೆಲ್ಲುತ್ತಿದ್ದರೆ, ಹೆರಿಗೆಯಾದ ಕೆಲವೇ ವಾರಗಳಲ್ಲಿ ಬಾಣಂತಿಯ ಮಾತು ನಡವಳಿಕೆ ದಿಕ್ಕುತಪ್ಪಿದ್ದರೆ ಮೊದಲು ಆಸ್ಪತ್ರೆ, ಆಮೇಲೆ ಸಮಾಲೋಚನೆ. ಟೆಲಿ ಮಾನಸ್‌ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಅಪಾಯವಿದ್ದರೆ 108 ಅಥವಾ 112.

ಕುಡಿತದ ವಿಷಯದಲ್ಲಿ ಮನೆಯವರು ಮಾಡುವ ದೊಡ್ಡ ತಪ್ಪೂ ಇಲ್ಲೇ ಬರುತ್ತದೆ. ದಿನವೂ ಹೆಚ್ಚು ಕುಡಿಯುವವರನ್ನು ‘ಇವತ್ತಿನಿಂದ ಒಂದು ಹನಿಯೂ ಬೇಡ’ ಎಂದು ಕೂರಿಸಿ ಕೌನ್ಸೆಲಿಂಗ್‌ಗೆ ಕರೆದೊಯ್ಯುತ್ತಾರೆ. ಹಠಾತ್ತನೆ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್‌ ಬರಬಹುದು, ಬುದ್ಧಿ ಭ್ರಮಣೆಯಾಗಬಹುದು, ಜೀವಕ್ಕೂ ಎರವಾಗಬಹುದು. ಮೊದಲು ವೈದ್ಯರ ಉಸ್ತುವಾರಿಯಲ್ಲಿ ಬಿಡಿಸಬೇಕು. ಮಾತುಕತೆ ಅದರ ನಂತರದ್ದು.

ಪದವಿಯ ಅಕ್ಷರಗಳು

ಸೈಕಿಯಾಟ್ರಿಸ್ಟ್‌, ಅಂದರೆ ಮನೋವೈದ್ಯರು, ಎಂ.ಬಿ.ಬಿ.ಎಸ್‌ ಮುಗಿಸಿ ಮೂರು ವರ್ಷದ ಎಂ.ಡಿ ಅಥವಾ ಡಿ.ಎನ್‌.ಬಿ, ಇಲ್ಲವೇ ಎರಡು ವರ್ಷದ ಡಿ.ಪಿ.ಎಂ ಮಾಡಿದವರು. ಔಷಧ ಬರೆಯುವ ಅಧಿಕಾರ ವೈದ್ಯರದ್ದು. ಇವರ ನೋಂದಣಿ ಸಂಖ್ಯೆ ಕರ್ನಾಟಕ ವೈದ್ಯಕೀಯ ಪರಿಷತ್ತಿನದೋ ಬೇರೆ ರಾಜ್ಯದ ಪರಿಷತ್ತಿನದೋ ಆಗಿರುತ್ತದೆ, ಔಷಧ ಚೀಟಿಯಲ್ಲೇ ಅಚ್ಚಾಗಿರಬೇಕು.

ಕ್ಲಿನಿಕಲ್‌ ಸೈಕಾಲಜಿಸ್ಟ್‌ ವೈದ್ಯರಲ್ಲ. ಮನಃಶಾಸ್ತ್ರದಲ್ಲಿ ಎಂ.ಎ ಅಥವಾ ಎಂ.ಎಸ್ಸಿ ಆದ ಮೇಲೆ ಆಸ್ಪತ್ರೆಯೊಂದರಲ್ಲಿ ಎರಡು ವರ್ಷ ಪೂರ್ಣಾವಧಿ ಎಂ.ಫಿಲ್‌ ಮಾಡುವುದು ಇಲ್ಲಿಯವರೆಗಿನ ಮುಖ್ಯ ದಾರಿ. ಈ ತರಬೇತಿ ಭಾರತದಲ್ಲಿ ಬೇರೂರಿದ್ದೇ ಬೆಂಗಳೂರಿನಲ್ಲಿ, ಈಗಿನ ನಿಮ್ಹಾನ್ಸ್‌ನ ಹಿಂದಿನ ರೂಪವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ. ಅದು 1954ರಲ್ಲಿ ಶುರುವಾಗಿ, 1974ರ ಡಿಸೆಂಬರ್‌ನಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್‌ ಆಯಿತು. ಎಂ.ಫಿಲ್‌ ಎಂಬ ಪದವಿಯೇ ಈಗ ವಿಶ್ವವಿದ್ಯಾಲಯಗಳಿಂದ ಮರೆಯಾಗುತ್ತಿರುವುದರಿಂದ ಹೊಸಬರ ಹೆಸರಿನ ಮುಂದೆ ಬೇರೆ ಅಕ್ಷರಗಳು ಕಂಡಾವು. ಗಾಬರಿ ಬೇಡ. ನೋಡಬೇಕಾದದ್ದು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ, ನೋಂದಣಿ. 1992ರ ಕಾಯ್ದೆಯ ಪ್ರಕಾರ ಆ ಪಟ್ಟಿಯಲ್ಲಿ ಹೆಸರಿಲ್ಲದೆ ಕ್ಲಿನಿಕಲ್‌ ಸೈಕಾಲಜಿಸ್ಟ್‌ ಎಂದು ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಒಂದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡದ ಮೊತ್ತ ನೋಡಿದರೆ ಕಾಯ್ದೆಗೆ ವಯಸ್ಸಾಗಿದೆ ಎಂದು ಗೊತ್ತಾಗುತ್ತದೆ, ಆದರೆ ಪಟ್ಟಿ ಉಪಯುಕ್ತ: ಪರಿಷತ್ತಿನ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ನೋಂದಣಿಗೆ ಅವಧಿ ಇರುತ್ತದೆ, ಚಾಲ್ತಿಯಲ್ಲಿದೆಯೇ ಎಂಬುದನ್ನೂ ನೋಡಿ.

ಸೈಕಿಯಾಟ್ರಿಕ್‌ ಸೋಷಿಯಲ್‌ ವರ್ಕರ್‌ಗಳನ್ನು ಜನ ಮರೆಯುತ್ತಾರೆ, ಮರೆಯಬಾರದು. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿಯ ಮೇಲೆ ಇವರದೂ ಆಸ್ಪತ್ರೆಯ ತರಬೇತಿ. ಕಾಯಿಲೆಯವರ ಆರೈಕೆಯಲ್ಲಿ ಮನೆಯವರು ಸೊರಗಿಹೋಗಿರುವಾಗ, ಅಂಗವಿಕಲ ವೇತನ, ಕೆಲಸಕ್ಕೆ ಮರಳುವುದು ಮುಂತಾದ ತೊಡಕುಗಳಿರುವಾಗ ಇವರಷ್ಟು ಕೈಗೆ ಒದಗುವವರು ಕಡಿಮೆ.

ಇನ್ನು ‘ಕೌನ್ಸೆಲರ್‌’, ‘ಥೆರಪಿಸ್ಟ್‌’, ‘ಆಪ್ತ ಸಮಾಲೋಚಕರು’. ಈ ಹೆಸರುಗಳನ್ನು ಯಾರು ಇಟ್ಟುಕೊಳ್ಳಬಹುದು ಎಂಬುದಕ್ಕೆ ದಿನಬಳಕೆಯಲ್ಲಿ ಬೇಲಿ ಇಲ್ಲ. 2021ರಲ್ಲಿ ಬಂದ ಆರೋಗ್ಯ ಸಂಬಂಧಿ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಮನಃಶಾಸ್ತ್ರಜ್ಞರನ್ನೂ ಸಮಾಲೋಚಕರನ್ನೂ ತನ್ನ ವ್ಯಾಪ್ತಿಗೆ ತಂದಿದೆ, ಆದರೂ ಕೊಳ್ಳುವವನೇ ಪರಿಶೀಲಿಸಬೇಕಾದ ಸ್ಥಿತಿ ಮುಗಿದಿಲ್ಲ. ಇದೇ ಬೋರ್ಡಿನ ಕೆಳಗೆ ಎರಡು ವರ್ಷದ ಕೌನ್ಸೆಲಿಂಗ್‌ ಸೈಕಾಲಜಿ ಎಂ.ಎಸ್ಸಿ ಮಾಡಿ, ಹಿರಿಯರ ಮೇಲ್ವಿಚಾರಣೆಯಲ್ಲಿ ನೂರಾರು ಗಂಟೆ ಕೂತವರೂ ಇದ್ದಾರೆ, ವಾರಾಂತ್ಯದ ಶಿಬಿರದ ಪ್ರಮಾಣಪತ್ರ ಹಿಡಿದವರೂ ಇದ್ದಾರೆ. ವ್ಯತ್ಯಾಸ ಹಿಡಿಯುವ ಪ್ರಶ್ನೆ ಒಂದೇ: ‘ನಿಮ್ಮ ಸೂಪರ್‌ವಿಷನ್‌ ಯಾರ ಬಳಿ, ಎಷ್ಟು ದಿನಕ್ಕೊಮ್ಮೆ?’ ತಾವು ನೋಡುತ್ತಿರುವ ಪ್ರಕರಣಗಳನ್ನು, ಹೆಸರು ಹೇಳದೆ, ಅನುಭವಿಗಳ ಮುಂದಿಟ್ಟು ತಿದ್ದಿಸಿಕೊಳ್ಳುವುದೇ ಸೂಪರ್‌ವಿಷನ್‌. ಸರಿಯಾಗಿ ಕಲಿತವರು ಈ ಪ್ರಶ್ನೆಗೆ ಮುಖ ಗಂಟಿಕ್ಕುವುದಿಲ್ಲ. ‘ಹದಿನೈದು ವರ್ಷದ ಅನುಭವ, ನನಗ್ಯಾಕೆ ಮೇಲ್ವಿಚಾರಣೆ’ ಎಂದವರ ಹದಿನೈದು ವರ್ಷ ಒಂದೇ ವರ್ಷವನ್ನು ಹದಿನೈದು ಸಲ ಮಾಡಿದ್ದಿರಬಹುದು.

ಪರಿಣತಿಯ ಪಟ್ಟಿ ಉದ್ದವಾದಷ್ಟೂ ಅನುಮಾನ ಹೆಚ್ಚಲಿ. ಇಪ್ಪತ್ತು ಸಮಸ್ಯೆಗಳ ಸಾಲು ಬರೆದವರಿಗಿಂತ ‘ಮಕ್ಕಳನ್ನು ನೋಡುವುದಿಲ್ಲ, ಮದ್ಯವ್ಯಸನ ನೋಡುವುದಿಲ್ಲ’ ಎಂದು ಬರೆದವರು ತಮ್ಮ ಮಿತಿ ಅರಿತವರು.

ವಿಧಾನದ ಹೆಸರಿನ ಹಿಂದೆ ಏನಿದೆ

ಸಿಬಿಟಿ ಎಂದರೆ ಯೋಚನೆಯನ್ನೂ ನಡವಳಿಕೆಯನ್ನೂ ಪರೀಕ್ಷಿಸಿ ಬದಲಿಸುವ ಚಿಕಿತ್ಸೆ. ‘ಸಿಬಿಟಿ ಬಳಸುತ್ತೇನೆ’ ಎಂದು ಬರೆದಿದ್ದರೆ ಆ ಕೋಣೆಯಲ್ಲಿ ನಡೆಯಬೇಕಾದದ್ದು ಹೀಗೆ. 45–50 ನಿಮಿಷದ ಭೇಟಿ, ವಾರಕ್ಕೊಮ್ಮೆ, ಸಾಮಾನ್ಯವಾಗಿ 12ರಿಂದ 20 ಬಾರಿ. ಆರಂಭದ ಐದು ನಿಮಿಷ ಹಿಂದಿನ ವಾರದ ಮನೆಗೆಲಸ ನೋಡುತ್ತಾರೆ, ಇವತ್ತು ಯಾವುದರ ಮೇಲೆ ಕೂರೋಣ ಎಂದು ಇಬ್ಬರೂ ಸೇರಿ ಗೊತ್ತುಮಾಡುತ್ತಾರೆ, ಕೊನೆಗೆ ಮುಂದಿನ ವಾರದ ಕೆಲಸ ಬರೆದುಕೊಡುತ್ತಾರೆ. ಮನೆಗೆಲಸ ಎಂದರೆ ಹಾಳೆಯೊಂದರಲ್ಲಿ ಅಂಕಣಗಳು: ಏನಾಯಿತು, ಆಗ ಮನಸ್ಸಿಗೆ ಬಂದ ಮಾತು, ಆದ ಭಾವನೆ ಮತ್ತು ನೂರಕ್ಕೆ ಅದರ ತೀವ್ರತೆ ಎಷ್ಟು, ಆ ಮಾತಿಗೆ ಪುರಾವೆ ಏನು, ಎದುರು ಪುರಾವೆ ಏನು, ಎರಡನ್ನೂ ತೂಗಿದ ಮೇಲೆ ಉಳಿಯುವ ಮಾತು. ಆರು ವಾರವಾದರೂ ಹಾಳೆಯಿಲ್ಲ, ಮನೆಗೆಲಸವಿಲ್ಲ, ಬರೀ ಮಾತು ಎಂದಾದರೆ ಅದು ಬೇರೆ ಏನೋ ಇರಬಹುದು, ಒಳ್ಳೆಯದೂ ಇರಬಹುದು, ಸಿಬಿಟಿ ಮಾತ್ರ ಅಲ್ಲ.

ಈ ಹಾಳೆ ತುಂಬುವಾಗ ಕನ್ನಡಿಗರು ಎಡವುವ ಜಾಗವೊಂದಿದೆ. ಇಂಗ್ಲಿಷಿನಲ್ಲಿ ಕಲಿತು ಇಂಗ್ಲಿಷ್‌ ಹಾಳೆಯನ್ನು ಹಾಗೇ ಅನುವಾದಿಸಿ ಕೊಡುವ ಸಮಾಲೋಚಕರೂ ಇದನ್ನು ಗಮನಿಸಿರುವುದಿಲ್ಲ. ಯೋಚನೆಗೂ ಭಾವನೆಗೂ ನಾವು ‘ಅನ್ನಿಸಿತು’ ಎಂದೇ ಹೇಳುತ್ತೇವೆ. ‘ಮ್ಯಾನೇಜರ್‌ ಕರೆದಾಗ ಏನನ್ನಿಸಿತು?’ ಎಂದರೆ ‘ಕೆಲಸ ಹೋಯ್ತು ಅಂತ ಅನ್ನಿಸಿತು’ ಎಂಬ ಉತ್ತರ ಭಾವನೆಯ ಅಂಕಣಕ್ಕೆ ಹೋಗಿ ಕೂರುತ್ತದೆ. ಅಲ್ಲಿಗೆ ಇಡೀ ಲೆಕ್ಕ ಕೆಡುತ್ತದೆ, ಏಕೆಂದರೆ ಪುರಾವೆ ಹುಡುಕಬೇಕಾದದ್ದು ಯೋಚನೆಗೆ. ಭಯಕ್ಕೆ ಪುರಾವೆ ಕೇಳುವುದು ಎಂದರೆ ಹೆದರಿದವರನ್ನು ಕಟಕಟೆಗೆ ಹತ್ತಿಸಿದ ಹಾಗೆ. ಸುಲಭದ ಒರೆಗಲ್ಲು ಭಾಷೆಯಲ್ಲೇ ಇದೆ. ‘ಅಂತ’ ಸೇರಿಸಿ ಇಡೀ ವಾಕ್ಯ ಹೇಳಬೇಕಾಗಿ ಬಂದರೆ ಅದು ಯೋಚನೆ: ‘ಕೆಲಸ ಹೋಯ್ತು ಅಂತ’, ‘ನಾನು ದಂಡ ಅಂತ’. ‘ಅಂತ’ ಇಲ್ಲದೆ ಒಂದೇ ಪದ ಅಂಟಿಕೊಂಡರೆ ಅದು ಭಾವನೆ: ಬೇಜಾರನ್ನಿಸಿತು, ಹೆದರಿಕೆಯಾಯಿತು, ನಾಚಿಕೆಯಾಯಿತು. ಮೂರನೆಯದಾಗಿ ಮೈಯದಕ್ಕೂ ಒಂದು ಅಂಕಣ ಗೀಚಿಕೊಳ್ಳಿ. ಎದೆ ಧಸಕ್ಕೆಂದಿತು, ಹೊಟ್ಟೆ ತೊಳಸಿತು, ಕೈಕಾಲು ತಣ್ಣಗಾಯಿತು: ನಮ್ಮಲ್ಲಿ ಅನೇಕರು ಮನಸ್ಸಿನ ದುಃಖವನ್ನು ಮೊದಲು ಹೇಳುವುದೇ ಹೀಗೆ. ‘ಸುಸ್ತು’, ‘ನರದೌರ್ಬಲ್ಯ’, ‘ತಲೆ ಭಾರ’ ಎಂದು ಬಂದವರ ಮಾತನ್ನು ‘ಅದೆಲ್ಲ ಮನಸ್ಸಿಂದ’ ಎಂದು ತಳ್ಳಿಹಾಕುವ ಸಮಾಲೋಚಕರು ಅರ್ಧ ಕಥೆ ಕಳೆದುಕೊಳ್ಳುತ್ತಾರೆ. ಥೈರಾಯ್ಡ್‌, ಹಿಮೋಗ್ಲೋಬಿನ್‌, ಬಿ12 ಪರೀಕ್ಷೆ ಆಗಿದೆಯೇ ಎಂದು ಕೇಳುವವರು ಕೆಲಸ ಬಲ್ಲವರು. ಥೈರಾಯ್ಡ್‌ ಕಡಿಮೆಯಾದಾಗಿನ ಜಡತೆಯನ್ನು ಖಿನ್ನತೆಯಿಂದ ಬರೀ ಮಾತಿನಲ್ಲಿ ಬೇರ್ಪಡಿಸಲಾಗದು.

ವ್ಯಕ್ತಿಕೇಂದ್ರಿತ ವಿಧಾನ ಅಮೆರಿಕದ ಕಾರ್ಲ್‌ ರೋಜರ್ಸ್‌ ಬೆಳೆಸಿದ್ದು. ಇಲ್ಲಿ ಸಮಾಲೋಚಕರು ದಾರಿ ತೋರುವುದಿಲ್ಲ, ತೀರ್ಪು ಕೊಡುವುದಿಲ್ಲ, ನಿಮ್ಮ ಮಾತಿನ ಹಿಂದಿನ ಭಾವವನ್ನು ನಿಮಗೇ ಮರಳಿ ಹೇಳುತ್ತಾರೆ. ಕೇಳಲು ಸಲೀಸು, ಮಾಡಲು ಕಠಿಣ. ನಮ್ಮಲ್ಲಿ ಇದು ಮುರಿದುಬೀಳುವುದು ನಿರೀಕ್ಷೆಯ ಕಾರಣಕ್ಕೆ. ಹಿರಿಯರ ಹತ್ತಿರ ನಾಲ್ಕು ಬುದ್ಧಿಮಾತು ಕೇಳಿ ಬಂದ ರೂಢಿಯವರು ಎರಡು ಭೇಟಿಯ ನಂತರ ‘ಅವರು ಏನೂ ಹೇಳೋದೇ ಇಲ್ಲ, ಸುಮ್ನೆ ಹೂಂಗುಟ್ತಾರೆ, ಅದಕ್ಕೆ ದುಡ್ಡು ಬೇರೆ’ ಎಂದು ಬಿಟ್ಟುಬಿಡುತ್ತಾರೆ. ಬುದ್ಧಿಮಾತು ಹೇಳದಿರುವುದಕ್ಕೆ ಕಾರಣವಿದೆ. ಮದುವೆ ಮುರಿಯಬೇಕೋ ಬೇಡವೋ ಎಂದು ಸಮಾಲೋಚಕರು ಹೇಳಿ, ನೀವು ಹಾಗೆ ಮಾಡಿ, ಅದು ಕೆಟ್ಟರೆ ಬಾಳು ನಿಮ್ಮದು. ಒಳ್ಳೆಯದಾದರೂ ಮುಂದಿನ ನಿರ್ಧಾರಕ್ಕೆ ಮತ್ತೆ ಅವರೇ ಬೇಕು. ಆದರೆ ಈ ಕಾರಣವನ್ನು ಮೊದಲ ದಿನವೇ ಬಾಯಿಬಿಟ್ಟು ವಿವರಿಸುವುದು ಸಮಾಲೋಚಕರ ಹೊಣೆ. ವಿವರಿಸದೆ ಮೌನವಾಗಿ ಕೂತರೆ ದೂರು ನ್ಯಾಯವೇ.

ಗೀಳು ಕಾಯಿಲೆಯ ವಿಷಯದಲ್ಲಿ ಮಾತ್ರ ವಿಧಾನ ಯಾವುದಾದರೂ ನಡೆಯುತ್ತದೆ ಎನ್ನಲಾಗದು. ಕೈ ತೊಳೆದಷ್ಟೂ ತೊಳೆಯುವುದು, ಬಾಗಿಲು ಹಾಕಿದೆನೇ ಎಂದು ಹತ್ತಾರು ಸಲ ನೋಡುವುದು, ಕೆಟ್ಟ ಯೋಚನೆ ಬಂತೆಂದು ಮನಸ್ಸಿನಲ್ಲೇ ಶ್ಲೋಕ ಎಣಿಸುವುದು. ಇದಕ್ಕೆ ಬೇಕಾದದ್ದು ಇ.ಆರ್‌.ಪಿ: ಹೆದರಿಕೆ ಹುಟ್ಟಿಸುವ ವಸ್ತುವಿಗೆ ಮೆಲ್ಲಮೆಲ್ಲನೆ ಎದುರಾಗಿ, ತೊಳೆಯುವ ಅಥವಾ ಪರೀಕ್ಷಿಸುವ ಕೆಲಸವನ್ನು ತಡೆಹಿಡಿಯುವುದು. ನೂರರ ಅಳತೆಯಲ್ಲಿ 30–40 ಹೆದರಿಕೆ ಕೊಡುವುದರಿಂದ ಶುರುಮಾಡಿ ಏಣಿಯ ಹಾಗೆ ಮೇಲೇರುತ್ತಾರೆ. ಬಾಗಿಲ ಹಿಡಿಕೆ ಮುಟ್ಟಿ ಕೈ ತೊಳೆಯದೆ ಕೂತರೆ ಆತಂಕ ಏರುತ್ತದೆ, ಆಮೇಲೆ ತಾನಾಗಿ ಇಳಿಯತೊಡಗುತ್ತದೆ, ಇಳಿಯದಿದ್ದರೂ ತಾಳಿಕೊಳ್ಳಬಹುದು ಎಂದು ಮನಸ್ಸು ಕಲಿಯುತ್ತದೆ. ಇಲ್ಲಿ ಮೃದುಮನಸ್ಸಿನ ಸಮಾಲೋಚಕರು ‘ಏನೂ ಆಗಲ್ಲ, ಹೆದರಬೇಡಿ’ ಎಂದು ಪ್ರತಿವಾರ ಧೈರ್ಯ ಹೇಳಿದರೆ ಗೀಳು ಬಲಿಯುತ್ತದೆ. ಧೈರ್ಯದ ಮಾತೇ ಇನ್ನೊಂದು ಬಗೆಯ ಕೈ ತೊಳೆಯುವಿಕೆ ಆಗಿಬಿಡುತ್ತದೆ. ಮನೆಯವರೂ ಅಷ್ಟೇ: ಬಕೆಟ್ಟು ಬಕೆಟ್ಟು ನೀರು ತುಂಬಿಕೊಡುವುದು, ‘ಹೌದು, ಹಾಕಿದೀಯ’ ಎಂದು ಇಪ್ಪತ್ತು ಸಲ ಹೇಳುವುದು ಪ್ರೀತಿಯಿಂದಲೇ ಮಾಡಿದರೂ ಕಾಯಿಲೆಗೆ ಗೊಬ್ಬರ. ಮಡಿಯಲ್ಲಿ ಬೆಳೆದ ಮನೆಗಳಲ್ಲಿ ಇದನ್ನು ಗುರುತಿಸುವುದು ಇನ್ನೂ ತಡ. ಅಜ್ಜಿಯ ಮಡಿ ಸ್ನಾನಕ್ಕೆ ಕೊನೆಯೆಂಬುದಿತ್ತು, ಮುಗಿದ ಮೇಲೆ ಅಡುಗೆಗೆ ಹೋಗುತ್ತಿದ್ದರು. ಗೀಳಿನ ಸ್ನಾನಕ್ಕೆ ಮುಗಿಯಿತು ಎಂಬ ಭಾವವೇ ಬರುವುದಿಲ್ಲ. ಹಾಗಾಗಿ ಗೀಳು ಇರುವವರು ಫೋನಿನಲ್ಲೇ ಕೇಳಿ: ‘ಇ.ಆರ್‌.ಪಿ ಮಾಡಿಸುತ್ತೀರಾ? ಏಣಿ ಹೇಗೆ ಕಟ್ಟುತ್ತೀರಿ?’

ಸೈಕೋಡೈನಮಿಕ್‌ ವಿಧಾನ ಬಾಲ್ಯದಿಂದ ಮರಳಿ ಮರಳಿ ಬರುವ ಸಂಬಂಧದ ಅಚ್ಚನ್ನು ಹುಡುಕುತ್ತದೆ. ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಹಿಡಿಯುತ್ತವೆ, ಮುಂದಿನ ವಾರದ ಪರೀಕ್ಷೆಯ ಹೆದರಿಕೆಗೆ ಇದು ತಕ್ಕುದಲ್ಲ. ಅತ್ಯಾಚಾರ, ಅಪಘಾತದಂಥ ಆಘಾತಕ್ಕೆ, ಕಣ್ಣಿನ ಚಲನೆ ಮಾಡಿಸುತ್ತಾ ನೋವಿನ ನೆನಪನ್ನು ಹಗುರಮಾಡುವ ಇ.ಎಂ.ಡಿ.ಆರ್‌ ಮತ್ತು ಆಘಾತಕ್ಕೆಂದೇ ರೂಪಿಸಿದ ಸಿಬಿಟಿ ಇವೆ. ಮೊದಲ ದಿನವೇ ಎಲ್ಲವನ್ನೂ ವಿವರವಾಗಿ ಹೇಳಿ ಎಂದು ಒತ್ತಾಯಿಸಿದರೆ ಅವರು ಇವೆರಡರಲ್ಲಿ ಪಳಗಿಲ್ಲ ಎಂದೇ ಅರ್ಥ.

ಕುಟುಂಬ ಚಿಕಿತ್ಸೆಯಲ್ಲಿ ಒಬ್ಬರನ್ನು ರೋಗಿ ಎಂದು ಕೂರಿಸದೆ, ಅತ್ತೆ ಸೊಸೆ ಮಗ ಮೂವರ ನಡುವೆ ಮಾತು ಹೇಗೆ ಹರಿಯುತ್ತದೆ ಎಂದು ನೋಡುತ್ತಾರೆ. ಒಂದು ಎಚ್ಚರ ಮಾತ್ರ ಗಟ್ಟಿಯಾಗಿ ಹೇಳಬೇಕು. ಮನೆಯಲ್ಲಿ ಹೊಡೆತವಿದ್ದರೆ ಗಂಡಹೆಂಡಿರನ್ನು ಒಟ್ಟಿಗೆ ಕೂರಿಸುವ ಸೆಷನ್‌ ಬೇಡ. ಅಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಬೆಲೆ ತೆರಬೇಕಾಗುತ್ತದೆ. ಜಾಣ ಸಮಾಲೋಚಕರು ಮೊದಲೇ ಇಬ್ಬರನ್ನೂ ಬೇರೆಬೇರೆಯಾಗಿ ಕಂಡು ಇದನ್ನು ಕೇಳಿಕೊಳ್ಳುತ್ತಾರೆ. ಮಹಿಳಾ ಸಹಾಯವಾಣಿ 181.

‘ಎಲ್ಲ ವಿಧಾನಗಳ ಸಮನ್ವಯ’ ಎಂದು ಬರೆದವರು ಬಹಳ. ಅದು ತಪ್ಪಲ್ಲ. ‘ನನ್ನ ತೊಂದರೆಗೆ ಮೊದಲು ಯಾವುದು, ಅದೇ ಏಕೆ?’ ಎಂದು ಕೇಳಿ. ಉತ್ತರ ತಡಕಾಡಿದರೆ ಸಮನ್ವಯ ಎಂಬುದು ಕಲಸುಮೇಲೋಗರದ ಇನ್ನೊಂದು ಹೆಸರು.

ಹತ್ತು ನಿಮಿಷದ ಫೋನು

ಭೇಟಿ ಗೊತ್ತುಮಾಡುವ ಮೊದಲು ಹತ್ತು ಹದಿನೈದು ನಿಮಿಷ ಮಾತಾಡಬಹುದೇ ಎಂದು ಕೇಳಿ. ನಿಮ್ಮ ತೊಂದರೆಯನ್ನು ಮೂರು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ: ಏನು, ಎಂದಿನಿಂದ, ಅದರಿಂದ ಯಾವ ಕೆಲಸ ನಿಂತಿದೆ. ‘ಮೂರು ತಿಂಗಳಿಂದ ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗುತ್ತದೆ, ಆಮೇಲೆ ನಿದ್ದೆ ಇಲ್ಲ, ತಿಂಗಳಲ್ಲಿ ಐದು ದಿನ ಆಫೀಸಿಗೆ ರಜೆ ಹಾಕಿದೆ’ ಎಂಬಷ್ಟು ಸಾಕು. ಇಂಥದ್ದನ್ನು ನೋಡಿದ್ದೀರಾ, ಹೇಗೆ ಶುರುಮಾಡುತ್ತೀರಿ, ಸುಮಾರು ಎಷ್ಟು ಭೇಟಿ, ಶುಲ್ಕ ಎಷ್ಟು, ಬರಲಾಗದಿದ್ದರೆ ಎಷ್ಟು ಗಂಟೆ ಮೊದಲು ತಿಳಿಸಬೇಕು, ನಡುವೆ ಪರಿಸ್ಥಿತಿ ಕೈಮೀರಿದರೆ ಯಾರಿಗೆ ಫೋನು ಮಾಡಬೇಕು. ಶುಲ್ಕವನ್ನು ಒಂದು ಭೇಟಿಯ ಲೆಕ್ಕದಲ್ಲಿ ನೋಡಬೇಡಿ, 12ರಿಂದ ಗುಣಿಸಿ. ಸಾವಿರ ರೂಪಾಯಿಯದು ಮೂರು ತಿಂಗಳಿಗೆ 12,000. ನಾಲ್ಕನೆಯ ಭೇಟಿಗೆ ಕೈ ಖಾಲಿಯಾಗಿ ನಡುವೆ ಬಿಡುವುದಕ್ಕಿಂತ ಮೊದಲೇ ಕಡಿಮೆ ಶುಲ್ಕದವರನ್ನು ಹುಡುಕುವುದು ಮೇಲು.

ಭಾಷೆಯ ಬಗ್ಗೆ ಸಂಕೋಚ ಬಿಟ್ಟು ಕೇಳಿ. ‘ಕನ್ನಡ ಬರುತ್ತೆ’ ಎಂಬುದಕ್ಕೂ ಇಡೀ ಸೆಷನ್‌ ಕನ್ನಡದಲ್ಲಿ ನಡೆಸುವುದಕ್ಕೂ ಅಂತರವಿದೆ. ಲೆಕ್ಕಪತ್ರದ ಮಾತನ್ನು ಇಂಗ್ಲಿಷಿನಲ್ಲಿ ಸರಾಗವಾಗಿ ಆಡುವವರೂ ಅಪ್ಪನ ಮೇಲಿನ ಸಿಟ್ಟನ್ನು ಅದರಲ್ಲಿ ಹೇಳಿದಾಗ ಅದು ಸುದ್ದಿ ಓದಿದಂತಿರುತ್ತದೆ. ಸಂಬೋಧನೆಯೂ ಸಣ್ಣ ವಿಷಯವಲ್ಲ. ಚಿಕ್ಕವರನ್ನು ಏಕವಚನದಲ್ಲಿ ಮಾತಾಡಿಸುವುದು ಕೆಲವರಿಗೆ ಹತ್ತಿರವೆನಿಸುತ್ತದೆ, ಕೆಲವರಿಗೆ ಮೇಷ್ಟ್ರ ಮುಂದೆ ನಿಂತಂತೆ. ಇಷ್ಟವಿಲ್ಲದಿದ್ದರೆ ಹೇಳಿ. ಸಮಾಲೋಚಕರನ್ನು ‘ಅಕ್ಕ’, ‘ಅಣ್ಣ’ ಎಂದು ಕರೆಯಲು ಶುರುಮಾಡಿದರೆ ಅಕ್ಕನ ಮೇಲೆ ಸಿಟ್ಟಾಗುವುದು, ಅಕ್ಕನಿಗೆ ‘ಇದು ಉಪಯೋಗವಾಗ್ತಿಲ್ಲ’ ಎನ್ನುವುದು ಕಷ್ಟವಾಗುತ್ತದೆ. ಮೇಡಂ, ಸರ್‌ ಸಾಕು.

ಹೊರದೇಶದಲ್ಲಿರುವ ಕನ್ನಡಿಗರು ಬೆಂಗಳೂರು ಮೈಸೂರಿನ ಥೆರಪಿಸ್ಟ್‌ಗಳನ್ನು ವಿಡಿಯೊದಲ್ಲಿ ಹುಡುಕುವುದು ಈ ಭಾಷೆಯ ಕಾರಣಕ್ಕೇ. ಅಮೆರಿಕದಲ್ಲಿ ಪರವಾನಗಿ ರಾಜ್ಯವಾರು, ನೀವು ಕೂತಿರುವ ರಾಜ್ಯದ ನಿಯಮ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಒಪ್ಪದವರೂ ಇದ್ದಾರೆ. ಒಪ್ಪಿದವರು ನಿಮ್ಮ ಅಲ್ಲಿನ ವಿಳಾಸ, ಹತ್ತಿರದವರೊಬ್ಬರ ಫೋನು, ಆ ಊರಿನ ತುರ್ತು ಸಂಖ್ಯೆ ಬರೆದುಕೊಳ್ಳದೆ ಶುರುಮಾಡಿದರೆ ನೀವೇ ನೆನಪಿಸಿ.

ಮೊದಲ ಭೇಟಿ

ಮೊದಲ ದಿನ ಪ್ರಶ್ನೆಗಳೇ ಹೆಚ್ಚು: ನಿದ್ದೆ, ಊಟ, ಕುಡಿತ, ಹಿಂದಿನ ಚಿಕಿತ್ಸೆ, ಮನೆತನದಲ್ಲಿ ಯಾರಿಗಾದರೂ ಇತ್ತೇ, ಸಾಯುವ ಯೋಚನೆ ಬಂದಿದೆಯೇ. ಈ ಕೊನೆಯದನ್ನು ನೇರವಾಗಿ ಕೇಳಿದರೆ ಬೆಚ್ಚಬೇಡಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಕೇಳದಿರುವುದೇ ಲೋಪ. ತಿನ್ನುತ್ತಿರುವ ಮಾತ್ರೆಗಳ ಪಟ್ಟಿಯನ್ನು ಹೋಮಿಯೋಪತಿ, ಆಯುರ್ವೇದ ಸೇರಿಸಿ ಒಯ್ಯಿರಿ.

ಗುಟ್ಟಿನ ನಿಯಮವನ್ನು ಬರೆದು ಸಹಿ ಪಡೆಯುವುದು ಒಳ್ಳೆಯ ಪದ್ಧತಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಹಕ್ಕೆಂದು ಬರೆದಿದೆ, ದಾಖಲೆಗಳನ್ನು ಪಡೆಯುವ ಹಕ್ಕನ್ನೂ ಕೊಟ್ಟಿದೆ. ನೋಂದಣಿ ಇಲ್ಲದ ಸಮಾಲೋಚಕರ ವಿಷಯದಲ್ಲಿ ನೀವು ಹೆಚ್ಚಾಗಿ ನೆಚ್ಚಿಕೊಳ್ಳಬೇಕಾದದ್ದು ಆ ಸಮ್ಮತಿ ಪತ್ರವನ್ನೇ. ಗುಟ್ಟು ಮುರಿಯುವ ಸಂದರ್ಭಗಳೂ ಅದರಲ್ಲಿರಬೇಕು: ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯ, ನ್ಯಾಯಾಲಯದ ಆದೇಶ, 18 ವರ್ಷದೊಳಗಿನವರ ಮೇಲಿನ ಲೈಂಗಿಕ ದೌರ್ಜನ್ಯ. ಕೊನೆಯದು ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು, ಸಮಾಲೋಚಕರಿಗೆ ಬೇರೆ ದಾರಿಯಿಲ್ಲ.

ನಮ್ಮಲ್ಲಿ ಗುಟ್ಟು ಹೊರಬೀಳುವುದು ಹೆಚ್ಚಾಗಿ ಕೋಣೆಯ ಬಾಗಿಲಲ್ಲಿ. ಹದಿನಾರರ ಹುಡುಗಿ ಒಳಗಿನಿಂದ ಬರುತ್ತಲೇ ಅಮ್ಮ ಎದ್ದುನಿಂತು ‘ಏನಂದ್ಲು?’ ಎನ್ನುತ್ತಾರೆ. ಹದಿಹರೆಯದವರಿಗೆ ತಂದೆತಾಯಿಯ ಒಪ್ಪಿಗೆ ಬೇಕು, ಕಾನೂನಿನಂತೆ ಅವರು ಅಪ್ರಾಪ್ತರು. ಹಾಗೆಂದು ಮಾತುಮಾತಿನ ವರದಿ ಕೊಡುತ್ತಾ ಹೋದರೆ ಮೂರನೆಯ ವಾರಕ್ಕೆ ಹುಡುಗಿ ಬಾಯಿ ಮುಚ್ಚುತ್ತಾಳೆ. ಯಾವುದು ಅಪ್ಪ ಅಮ್ಮನಿಗೆ ತಲುಪುತ್ತದೆ, ಯಾವುದು ತಲುಪುವುದಿಲ್ಲ ಎಂಬುದನ್ನು ಮೊದಲ ದಿನ ಮೂವರ ಎದುರೇ ಗೊತ್ತುಮಾಡಿಸಿ. ಸಣ್ಣ ಊರುಗಳಲ್ಲಿ ಸಮಾಲೋಚಕರು ನಿಮ್ಮ ಚಿಕ್ಕಪ್ಪನ ಸಹೋದ್ಯೋಗಿಯೇ ಆಗಿರಬಹುದು. ಆಗ ಮದುವೆ ಮನೆಯಲ್ಲಿ ಎದುರಾದರೆ ಯಾರು ಮೊದಲು ಮಾತಾಡಿಸಬೇಕು ಎಂಬುದನ್ನೂ ಕೇಳಿಡಿ. ನೀವು ಮಾತಾಡಿಸುವ ತನಕ ಅವರು ಗುರುತು ತೋರಿಸದಿರುವುದು ಸರಿಯಾದ ಕ್ರಮ.

ಅಳತೆ

‘ಈಗ ಹೇಗಿದ್ದೀರಿ’ ಎಂಬ ಪ್ರಶ್ನೆಗೆ ‘ಪರವಾಗಿಲ್ಲ’ ಎನ್ನುವುದು ನಮ್ಮ ಅಭ್ಯಾಸ. ಅದರಿಂದ ಚಿಕಿತ್ಸೆ ಸಾಗುತ್ತಿದೆಯೇ ಎಂದು ಗೊತ್ತಾಗದು. ಖಿನ್ನತೆಗೆ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ ಇದೆ, ಕಳೆದ ಎರಡು ವಾರದ ಬಗ್ಗೆ, ಕನ್ನಡದಲ್ಲೂ ಸಿಗುತ್ತದೆ. ಪ್ರತಿ ಪ್ರಶ್ನೆಗೆ 0ರಿಂದ 3, ಒಟ್ಟು 27. 5ರಿಂದ ಸೌಮ್ಯ, 10ರಿಂದ ಮಧ್ಯಮ, 15ರಿಂದ ಸಾಕಷ್ಟು ತೀವ್ರ, 20ರಿಂದ ತೀವ್ರ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಒಟ್ಟು ಎಷ್ಟೇ ಕಡಿಮೆ ಇರಲಿ, ಅಲ್ಲಿ ಸೊನ್ನೆ ಅಲ್ಲದಿದ್ದರೆ ಅದನ್ನು ಬೇರೆಯಾಗಿ ಮಾತಾಡಬೇಕು. ಆತಂಕಕ್ಕೆ ಏಳು ಪ್ರಶ್ನೆಯ ಜಿಎಡಿ-7, ಒಟ್ಟು 21. ಇವು ಕಾಯಿಲೆಯನ್ನು ನಿರ್ಧರಿಸುವ ಸಾಧನಗಳಲ್ಲ, ಜ್ವರದ ಕಡ್ಡಿಯಂತೆ. ಮೊದಲ ದಿನ ಒಮ್ಮೆ, ಆಮೇಲೆ ಎರಡು ವಾರಕ್ಕೊಮ್ಮೆ ತುಂಬಿ. ಐದು ಅಂಕ ಇಳಿದರೆ ಅದು ಲೆಕ್ಕಕ್ಕೆ ಬರುವ ಇಳಿಕೆ.

ಅಂಕದ ಜೊತೆಗೆ ನಿಮ್ಮದೇ ಒಂದು ಗುರುತು ಇಟ್ಟುಕೊಳ್ಳಿ. ವಾರದಲ್ಲಿ ಎಷ್ಟು ದಿನ ಬೆಳಿಗ್ಗೆ ತಿಂಡಿ ಮಾಡಿದಿರಿ, ಬಸ್ಸಿನಲ್ಲಿ ಒಬ್ಬರೇ ಎಷ್ಟು ಸಲ ಹೋದಿರಿ. ಮೊದಲ ಎರಡು ಮೂರು ಭೇಟಿಗಳ ನಂತರ ಮನಸ್ಸು ಇನ್ನಷ್ಟು ಕಲಕಿದಂತಾಗುವುದು ಉಂಟು, ಮುಚ್ಚಿಟ್ಟದ್ದನ್ನು ತೆಗೆದಾಗ ಹಾಗೇ. ಆದರೆ ಆರು ಭೇಟಿಯಾದರೂ ಅಂಕವೂ ಅಲುಗಿಲ್ಲ, ಗುರುತೂ ಅಲುಗಿಲ್ಲ ಎಂದಾದರೆ ಅದನ್ನು ಕೋಣೆಯಲ್ಲೇ ಎತ್ತಿ. ಫೋನು ತೆಗೆಯದೆ ಮಾಯವಾಗುವುದು ಸುಲಭ, ನಷ್ಟ ನಿಮ್ಮದು. ‘ಉಪಯೋಗವಾಗುತ್ತಿಲ್ಲ’ ಎಂದಾಗ ಒಳ್ಳೆಯವರು ವಿಧಾನ ಬದಲಿಸುತ್ತಾರೆ, ಮನೋವೈದ್ಯರ ಬಳಿ ಕಳಿಸುತ್ತಾರೆ, ಅಥವಾ ಬೇರೆಯವರ ಹೆಸರು ಕೊಡುತ್ತಾರೆ. ತಪ್ಪನ್ನು ನಿಮ್ಮ ಮೇಲೇ ಹೊರಿಸಿದರೆ ಅಲ್ಲಿಂದ ಏಳಿ.

ಔಷಧದ ವಿಷಯದಲ್ಲಿ ಸಮಾಲೋಚಕರ ಬಾಯಿಂದ ಬರಬಾರದ ಮಾತು ‘ಮಾತ್ರೆ ಬಿಟ್ಟುಬಿಡಿ, ಕೌನ್ಸೆಲಿಂಗ್‌ ಸಾಕು’. ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಅಡ್ಡಪರಿಣಾಮ ಮಾತ್ರ ಮೊದಲ ವಾರವೇ ಬರುತ್ತದೆ, ಅದಕ್ಕೇ ಹಲವರು ಹತ್ತನೆಯ ದಿನ ನಿಲ್ಲಿಸಿಬಿಡುತ್ತಾರೆ. ಬಹಳ ದಿನ ತಿಂದದ್ದನ್ನು ದಿಢೀರನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ. ನಿಲ್ಲಿಸುವುದೂ ಇಳಿಸುವುದೂ ಬರೆದುಕೊಟ್ಟ ವೈದ್ಯರ ಕೆಲಸ.

ತಕ್ಷಣ ಎದ್ದುಬರಬೇಕಾದ ಸಂದರ್ಭಗಳು ಕೆಲವೇ. ಇಷ್ಟು ದಿನದಲ್ಲಿ ವಾಸಿ ಎಂಬ ಭರವಸೆ. ಸಂಜೆ ಕಾಫಿಗೆ, ವ್ಯಾಪಾರಕ್ಕೆ, ಸಾಲಕ್ಕೆ ಎಳೆಯುವುದು. ಯಾವುದೇ ಬಗೆಯ ಲೈಂಗಿಕ ಮಾತು ಅಥವಾ ಸ್ಪರ್ಶ. ಬೇರೆ ಕ್ಲೈಂಟುಗಳ ಕಥೆಯನ್ನು ಗುರುತು ಸಿಗುವಂತೆ ಹೇಳುವುದು. ನಾಳೆ ನಿಮ್ಮದೂ ಹಾಗೇ ಹೋಗುತ್ತದೆ. ಸಲಿಂಗ ಪ್ರೇಮವನ್ನು ‘ಸರಿಮಾಡುತ್ತೇನೆ’ ಎನ್ನುವುದು: ಅದು ಕಾಯಿಲೆಯೇ ಅಲ್ಲ, ಇಂಥ ‘ಪರಿವರ್ತನೆ ಚಿಕಿತ್ಸೆ’ಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದು ಸಾರಿದೆ.

ದುಡ್ಡಿಲ್ಲದಿದ್ದರೆ

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕಲ್ಪನೆ 1985ರಲ್ಲಿ ನಿಮ್ಹಾನ್ಸ್‌ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿನೋಡಿದ ಪ್ರಯೋಗದಿಂದ ಬಂದದ್ದು, 1996ರಿಂದ ದೇಶಕ್ಕೆ ಹರಡಿತು. ಜಿಲ್ಲಾಸ್ಪತ್ರೆಯಲ್ಲಿ ಆ ತಂಡವನ್ನು ಕೇಳಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಗೊತ್ತಾದ ದಿನ, ಸಾಮಾನ್ಯವಾಗಿ ಮಂಗಳವಾರ, ಬರುತ್ತಾರೆ. ನಿಮ್ಮ ತಾಲ್ಲೂಕಿನ ವಾರ ಯಾವುದೆಂದು ಮೊದಲೇ ವಿಚಾರಿಸಿ ಹೋಗಿ. ಉತ್ತರ ಕರ್ನಾಟಕದವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ ಇದೆ. ಬೆಂಗಳೂರಿನಲ್ಲಿ ದೊಡ್ಡ ಆಸ್ಪತ್ರೆಯ ಹೊಸ್ತಿಲು ತುಳಿಯಲು ಅಳುಕುವವರಿಗೆ ನಿಮ್ಹಾನ್ಸ್‌ನದೇ ಆದ ಕ್ಷೇಮ ಕೇಂದ್ರ ಬಿಟಿಎಂ ಬಡಾವಣೆಯಲ್ಲಿದೆ. ಸರ್ಕಾರಿ ಕಡೆಯ ಕೊರತೆ ಸಮಯದ್ದು. 50 ನಿಮಿಷ ಸಿಗುವುದು ಕಷ್ಟ, ಬರೆದುಕೊಂಡು ಹೋದ ಮೂರು ವಾಕ್ಯ ಇಲ್ಲಿ ಇನ್ನೂ ಹೆಚ್ಚು ಬೆಲೆಬಾಳುತ್ತದೆ.

ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಒಂದು ಪುಟದ ಟಿಪ್ಪಣಿ ಕೇಳಿ ಪಡೆಯಿರಿ: ಎಷ್ಟು ಭೇಟಿ ಆಯಿತು, ಯಾವ ವಿಧಾನ, ಮೊದಲ ಮತ್ತು ಕೊನೆಯ ಅಂಕಗಳು, ಏನು ಫಲಿಸಿತು, ಏನು ಫಲಿಸಲಿಲ್ಲ, ಯಾವ ಮಾತ್ರೆ ಎಷ್ಟು ಪ್ರಮಾಣದಲ್ಲಿ. ಇಲ್ಲದಿದ್ದರೆ ಹೊಸಬರ ಮುಂದೆ ಮೊದಲ ಎರಡು ಭೇಟಿಯ ಶುಲ್ಕ ಹಳೆಯ ಕಥೆ ಹೇಳುವುದರಲ್ಲೇ ಕರಗುತ್ತದೆ. ಯಾರಿಗೂ ತೋರಿಸಬಾರದ ವಿವರವಿದ್ದರೆ ಅದನ್ನು ಬಿಟ್ಟು ಬರೆದುಕೊಡಿ ಎಂದು ಹೇಳಬಹುದು. ಆ ಪುಟ ಯಾರಿಗೆ ಹೋಗಬೇಕು ಎಂಬುದು ನಿಮ್ಮ ತೀರ್ಮಾನ.